ಧಾರೆಯ ಗಳಿಗೆ ಮತ್ತು ಹಿಡಿದಿಡುವ ಭ್ರಮೆ

ಮದುವೆ, ಸೀಮಂತ, ನಾಮಕರಣ, ಗೃಹಪ್ರವೇಶ, ಘಟಿಕೋತ್ಸವ ಮುಂತಾದ ಬದುಕಿನ ದೊಡ್ಡ ಗಳಿಗೆಗಳ ಬಗ್ಗೆ ಕರ್ನಾಟಕದ ನಗರಗಳಲ್ಲಿ, ಈಚೆಗೆ ತಾಲ್ಲೂಕು ಕೇಂದ್ರಗಳಲ್ಲೂ, ಒಂದು ನಂಬಿಕೆ ಬೇರೂರಿದೆ. ಗಳಿಗೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಳೆದುಹೋಗುತ್ತದೆ, ಮತ್ತೆ ಬರುವುದಿಲ್ಲ; ಆದಕಾರಣ ಅದನ್ನು ಆದಷ್ಟು ದೊಡ್ಡದು ಮಾಡಬೇಕು, ಎಲ್ಲ ಕಡೆಯಿಂದಲೂ ಸೆರೆಹಿಡಿಯಬೇಕು, ಖರ್ಚಿನ ಮಾತು ಎತ್ತಬಾರದು. ‘ಜೀವನದಲ್ಲಿ ಒಂದೇ ಸಲ ಆಗೋದಲ್ವಾ’ ಎಂಬ ಒಂದು ಮಾತಿನೆದುರು ಮನೆಯ ಹಿರಿಯರ ಲೆಕ್ಕಾಚಾರವೆಲ್ಲ ಸುಮ್ಮನಾಗುತ್ತದೆ. ಈ ನಂಬಿಕೆಯ ಮೊದಲರ್ಧ ನಿಜ. ಗಳಿಗೆ ನಿಲ್ಲುವುದಿಲ್ಲ. ಅದರಿಂದ ಹೊರಡಿಸಿದ ತೀರ್ಮಾನ ಮಾತ್ರ ಪೂರ್ತಿ ತಪ್ಪು. ಆ ತಪ್ಪಿನ ಬೆಲೆಯನ್ನು ಸಾಲವಾಗಿ, ದಣಿವಾಗಿ, ಮರೆವಾಗಿ ತೆರುತ್ತಿರುವವರು ಸಾಮಾನ್ಯ ಸಂಸಾರಗಳವರು. ಈ ನಂಬಿಕೆ ಅತ್ಯಂತ ಗಟ್ಟಿಯಾಗಿ ಕಾಣಿಸಿಕೊಳ್ಳುವುದು ಮದುವೆಯಲ್ಲಿ. ಅದನ್ನು ಪರೀಕ್ಷಿಸಬೇಕಾದದ್ದೂ ಅಲ್ಲಿಯೇ.

ಗಳಿಗೆ ಚಿಕ್ಕದು ಎಂಬುದನ್ನು ಇಂದಿನವರು ಹೊಸದಾಗಿ ಕಂಡುಕೊಂಡದ್ದೇನೂ ಅಲ್ಲ. ಮದುವೆಯ ಶಾಸ್ತ್ರಗಳನ್ನು ರೂಪಿಸಿದವರಿಗೆ ಅದು ಚೆನ್ನಾಗಿ ಗೊತ್ತಿತ್ತು. ಪಂಚಾಂಗದ ಲೆಕ್ಕದಲ್ಲಿ ಒಂದು ಹಗಲಿರುಳಿಗೆ 60 ಗಳಿಗೆ. ಒಂದು ಗಳಿಗೆಗೆ 24 ನಿಮಿಷ. ಎರಡು ಗಳಿಗೆ ಸೇರಿದರೆ 48 ನಿಮಿಷದ ಒಂದು ಮುಹೂರ್ತ. ಗಡಿಯಾರವಿಲ್ಲದ ಕಾಲದಲ್ಲಿ ತಳದಲ್ಲಿ ಸಣ್ಣ ತೂತಿದ್ದ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ತುಂಬಿ ಮುಳುಗುವುದನ್ನು ನೋಡಿ ಹೊತ್ತು ತಿಳಿಯುತ್ತಿದ್ದರು. ಮಂಟಪದಲ್ಲಿ ವಧೂವರರ ನಡುವೆ ಅಂತರಪಟ ಹಿಡಿದಿರುತ್ತದೆ. ಮುಹೂರ್ತ ಕೂಡಿಬಂದೊಡನೆ ಪಟ ಸರಿಯುತ್ತದೆ, ಜೀರಿಗೆ ಬೆಲ್ಲ ತಲೆಯ ಮೇಲೆ ಬೀಳುತ್ತದೆ. ಧಾರೆಯ ನೀರು ಕೈಯಿಂದ ಕೈಗೆ ಹರಿಯುತ್ತದೆ. ಗಟ್ಟಿಮೇಳದ ನಡುವೆ ಮಾಂಗಲ್ಯ ಕಟ್ಟಿ ಮುಗಿಯುತ್ತದೆ, ಸುತ್ತ ನಿಂತವರ ಅಕ್ಷತೆ ಬೀಳುತ್ತದೆ. ಇವೆಲ್ಲ ನಡೆಯುವುದು ಕೆಲವೇ ನಿಮಿಷಗಳಲ್ಲಿ. ಅದನ್ನು ಹಿಗ್ಗಿಸಲು ಶಾಸ್ತ್ರ ಎಲ್ಲಿಯೂ ಹವಣಿಸಿಲ್ಲ. ಬದಲಿಗೆ ಅಲ್ಲಿದ್ದ ಪ್ರತಿಯೊಬ್ಬರ ಕೈಗೂ ನಾಲ್ಕು ಕಾಳು ಅಕ್ಕಿ ಕೊಟ್ಟು, ನೋಡುಗರನ್ನೆಲ್ಲ ಪಾಲುದಾರರನ್ನಾಗಿ ಮಾಡಿದೆ.

ಭಾರವನ್ನೆಲ್ಲ ಆ ಒಂದು ಗಳಿಗೆಯ ಮೇಲೆ ಹೊರಿಸದೆ ಮುಂದಿನ ವರ್ಷಗಳಿಗೆ ಹಂಚಿದ್ದು ಹಳೆಯ ಏರ್ಪಾಟಿನ ದೊಡ್ಡ ಗುಣ. ಮದುವೆಯಾದ ಮೊದಲ ಆಷಾಢಕ್ಕೆ ಹೆಣ್ಣು ತವರಿಗೆ ಬರುತ್ತಾಳೆ. ಶ್ರಾವಣದ ಮಂಗಳವಾರಗಳಂದು ಮಂಗಳಗೌರಿ ವ್ರತ ಹಿಡಿಯುತ್ತಾಳೆ. ಅದು ಐದು ವರ್ಷ ನಡೆಯುತ್ತದೆ. ಗೌರಿಹಬ್ಬಕ್ಕೆ ಬಾಗಿನ ಬರುತ್ತದೆ, ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಹೋಗುತ್ತಾನೆ. ಮದುವೆಯಲ್ಲಿ ಓದಿಸಿದ ಮುಯ್ಯಿಗೆ ಮುಯ್ಯಿ ತೀರಿಸಲು ಎರಡು ಮನೆಗಳು ಹತ್ತಾರು ವರ್ಷ ಒಬ್ಬರ ಮನೆಗೊಬ್ಬರು ಹೋಗಿಬರಬೇಕಾಗುತ್ತದೆ. ಈ ಆಚಾರಗಳ ಹೊರೆ ಬಹುಮಟ್ಟಿಗೆ ಹೆಣ್ಣಿನ ಮೇಲೂ ಹೆಣ್ಣಿನ ತವರಿನ ಮೇಲೂ ಬಿದ್ದದ್ದು ಅನ್ಯಾಯವೇ; ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ಅವುಗಳ ಹಿಂದಿನ ತಿಳಿವಳಿಕೆ ಸರಿಯಾದದ್ದು. ಹಾಲಿಗೆ ಹೆಪ್ಪು ಹಾಕಲು ಒಂದು ನಿಮಿಷ ಸಾಕು, ಅದು ಮೊಸರಾಗಲು ಇಡೀ ರಾತ್ರಿ ಬೇಕು. ಮದುವೆಯಲ್ಲಿ ಧಾರೆಗೂ ದಾಂಪತ್ಯಕ್ಕೂ ಇರುವ ಸಂಬಂಧ ಅಂಥದ್ದು. ಇಂದಿನ ನಂಬಿಕೆ ಹೆಪ್ಪು ಹಾಕುವ ನಿಮಿಷವನ್ನೇ ಹಬ್ಬ ಮಾಡಿ, ರಾತ್ರಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕಾನೂನು ಕೂಡ ಗಳಿಗೆಯನ್ನು ಹೀಗೆಯೇ ನೋಡಿದೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ನಿನ ಪ್ರಕಾರ, ಸಪ್ತಪದಿ ಇರುವ ಪದ್ಧತಿಗಳಲ್ಲಿ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣಗೊಂಡು ಇಬ್ಬರನ್ನೂ ಬಂಧಿಸುತ್ತದೆ. ಏಳು ಹೆಜ್ಜೆಗೆ ಬೇಕಾದ ಜಾಗ ಒಂದು ಕೋಣೆಯಷ್ಟೂ ಅಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಮದುವೆಯೆಂದರೆ ಹಾಡು ಕುಣಿತ, ಊಟ ಪಾನಗಳ ಸಮಾರಂಭವಲ್ಲ ಎಂದು ಸ್ಪಷ್ಟವಾಗಿ ಹೇಳಿತು. ವಿಧಿಗಳೇ ನಡೆಯದೆ ಕೇವಲ ಪ್ರಮಾಣಪತ್ರ ಪಡೆದಿದ್ದ ಜೋಡಿಯೊಂದರ ಪ್ರಕರಣ ಅದು. ಗಳಿಗೆಗೆ ನ್ಯಾಯಾಲಯ ಮಹತ್ವ ಕೊಟ್ಟಿದೆ. ಅದರಿಂದ ಆರಂಭವಾಗುವ ಬದ್ಧತೆಗಾಗಿ ಕೊಟ್ಟಿದೆ, ಅದರ ಸುತ್ತ ಹಬ್ಬುವ ಸಂಭ್ರಮಕ್ಕಾಗಿ ಅಲ್ಲ.

ಗಳಿಗೆಯೇ ಸರ್ವಸ್ವವೆಂದು ನಂಬಿದರೆ ಏನಾಗುತ್ತದೆಂಬುದಕ್ಕೆ ಭಾಸ್ಕರಾಚಾರ್ಯರ ಹೆಸರಿನೊಂದಿಗೆ ಬಂದ ದಂತಕಥೆಯೊಂದಿದೆ. ಅವರ 1150ರ ‘ಸಿದ್ಧಾಂತ ಶಿರೋಮಣಿ’ಯ ಅಂಕಗಣಿತ ಭಾಗದ ಹೆಸರು ‘ಲೀಲಾವತಿ’. ಅದನ್ನು 1587ರಲ್ಲಿ ಪರ್ಷಿಯನ್ ಭಾಷೆಗೆ ತಂದ ಫೈಜಿಯ ಅನುವಾದದಲ್ಲಿ ಈ ಕಥೆ ಬರುತ್ತದೆ. ಮೂಲ ಗ್ರಂಥದಲ್ಲಿ ಇಲ್ಲ. ಭಾಸ್ಕರಾಚಾರ್ಯರ ಮಗಳು ಲೀಲಾವತಿಯ ಮದುವೆಗೆ ಕೂಡಿಬಂದದ್ದು ಒಂದೇ ಒಂದು ಗಳಿಗೆ. ನೀರಿನ ಬಟ್ಟಲು ತೇಲಿಬಿಟ್ಟಿತ್ತು. ಕುತೂಹಲದಿಂದ ಬಗ್ಗಿ ನೋಡಿದ ಹುಡುಗಿಯ ಉಡುಪಿನ ಮುತ್ತೊಂದು ಕಳಚಿ ಬಿದ್ದು ತೂತು ಮುಚ್ಚಿತು. ಬಟ್ಟಲು ಮುಳುಗಲಿಲ್ಲ, ಹೊತ್ತು ಮೀರಿದ್ದು ಯಾರಿಗೂ ತಿಳಿಯಲಿಲ್ಲ. ತಂದೆ ಮಗಳ ಹೆಸರಿನಲ್ಲಿ ಒಂದು ಗ್ರಂಥ ಬರೆದು, ಅವಳ ಹೆಸರು ಬಹುಕಾಲ ಉಳಿಯುವಂತೆ ಮಾಡುವೆನೆಂದ. ಇತಿಹಾಸವಾಗಿ ಈ ಕಥೆಯನ್ನು ನಂಬಬೇಕಿಲ್ಲ. ತಪ್ಪಿಹೋದ ಒಂದು ಗಳಿಗೆಗಾಗಿ ಒಂದು ಜೀವವನ್ನೇ ನತದೃಷ್ಟವೆಂದು ತೀರ್ಮಾನಿಸುವ ಕ್ರೌರ್ಯ ಅದರಲ್ಲಿದೆ. ಆ ಕ್ರೌರ್ಯ ಇಂದಿಗೂ ಹೋಗಿಲ್ಲ. ಕಥೆಯನ್ನು ಕಟ್ಟಿದವರೂ ಉಳಿಯುವಂಥದ್ದು ಯಾವುದೆಂದು ಹುಡುಕಿ, ಕೊನೆಗೆ ಬೆರಳಿಟ್ಟದ್ದು ವರ್ಷಗಟ್ಟಲೆಯ ದುಡಿಮೆಯ ಮೇಲೆ.

ಇನ್ನು ನೆನಪಿನ ವಿಷಯ. ಸೆರೆಹಿಡಿಯದಿದ್ದರೆ ಮರೆತುಹೋಗುತ್ತದೆ ಎಂಬುದು ಈ ನಂಬಿಕೆಯ ಮುಖ್ಯ ಆಧಾರ. ಕಂಡದ್ದು ಕಂಡಂತೆ ಮನಸ್ಸಿನಲ್ಲಿ ಅಚ್ಚಾಗಿ ಕೂತಿರುತ್ತದೆ, ಬೇಕೆಂದಾಗ ಹೊರತೆಗೆಯಬಹುದು ಎಂಬ ಕಲ್ಪನೆ ಇದರ ಹಿಂದಿದೆ. ಮನೋವಿಜ್ಞಾನ ಇದನ್ನು ಬಹಳ ಹಿಂದೆಯೇ ಕೈಬಿಟ್ಟಿದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಸಿಡಿದ ಮರುದಿನವೇ ಎಮರಿ ವಿಶ್ವವಿದ್ಯಾಲಯದಲ್ಲಿ ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಷ್, ಆ ಸುದ್ದಿಯನ್ನು ಎಲ್ಲಿ, ಯಾರಿಂದ, ಹೇಗೆ ಕೇಳಿದಿರಿ ಎಂದು ವಿದ್ಯಾರ್ಥಿಗಳಿಂದ ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷದ ನಂತರ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದಾಗ, 11 ಮಂದಿಯ ಉತ್ತರದಲ್ಲಿ ಯಾವ ವಿವರವೂ ತಾಳೆಯಾಗಲಿಲ್ಲ. ಎಲ್ಲ ವಿವರವೂ ಸರಿಹೊಂದಿದ್ದು ಕೇವಲ ಮೂವರಲ್ಲಿ. ತಪ್ಪು ಹೇಳಿದವರಲ್ಲಿ ಅನೇಕರಿಗೆ ತಮ್ಮ ನೆನಪಿನ ಮೇಲೆ ಪೂರ್ಣ ಭರವಸೆಯಿತ್ತು. ತಮ್ಮದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ಎಂದೂ ಮರೆಯಲಾರೆ ಎನಿಸುವ ಗಳಿಗೆಗಳೂ ಹೀಗೆ ಹೇಳಿ ಹೇಳಿ ಹೊಸದಾಗಿ ಕಟ್ಟಿಕೊಳ್ಳುತ್ತವೆ. ಅಂದರೆ ನೆನಪಿನ ಗತಿ ನಿರ್ಧಾರವಾಗುವುದು ಗಳಿಗೆಯ ನಂತರ, ಅದನ್ನು ಯಾರೊಂದಿಗೆ ಎಷ್ಟು ಸಲ ಹಂಚಿಕೊಂಡರೆಂಬುದರಿಂದ. ಮದುವೆಗೆ ಬಂದಿದ್ದ ಸೋದರತ್ತೆ ಮೂವತ್ತು ವರ್ಷದ ಮೇಲೂ ‘ಅವತ್ತು ಸಾರಿಗೆ ಉಪ್ಪೇ ಹಾಕಿರಲಿಲ್ಲ ಕಣೇ’ ಎಂದು ನಗುತ್ತ ಹೇಳುತ್ತಿದ್ದರೆ ಆ ಮದುವೆ ಜೀವಂತವಾಗಿರುತ್ತದೆ.

ಕ್ಯಾಮೆರಾ ಈ ಕೆಲಸಕ್ಕೆ ನೆರವಾಗುತ್ತದೆಯೇ? 2014ರಲ್ಲಿ ಪ್ರಕಟವಾದ ಲಿಂಡಾ ಹೆಂಕೆಲ್ ಅವರ ಅಧ್ಯಯನದಲ್ಲಿ ಭಾಗವಹಿಸಿದವರು ವಸ್ತುಸಂಗ್ರಹಾಲಯದ ವಸ್ತುಗಳಲ್ಲಿ ಕೆಲವನ್ನು ಬರೀ ನೋಡಿದರು, ಕೆಲವನ್ನು ಫೋಟೊ ತೆಗೆದರು. ಇಡೀ ವಸ್ತುವಿನ ಫೋಟೊ ತೆಗೆದಾಗ ಅದು ನೆನಪಿನಲ್ಲಿ ಉಳಿದದ್ದು ಕಡಿಮೆ. ಇದಕ್ಕೆ ಎದುರಾದ ಸಾಕ್ಷ್ಯವೂ ಇದೆ, ಅದನ್ನು ಬಚ್ಚಿಡುವುದು ನ್ಯಾಯವಲ್ಲ. ಅಲಿಕ್ಸಾಂಡ್ರಾ ಬರಾಷ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದಂತೆ, ತಮಗೆ ಬೇಕೆನಿಸಿದ್ದನ್ನು ತಾವೇ ಆರಿಸಿ ಫೋಟೊ ತೆಗೆದವರಿಗೆ ಕಂಡದ್ದು ಚೆನ್ನಾಗಿಯೇ ನೆನಪಿರುತ್ತದೆ. ಕೇಳಿದ್ದು ಮಾತ್ರ ಕಡಿಮೆ ನೆನಪಿರುತ್ತದೆ. ಕನ್ನಡಿಗರ ಮದುವೆಯ ಮಟ್ಟಿಗೆ ಈ ಎರಡನೆಯ ಮಾತೇ ಮುಖ್ಯ. ಈ ನಾಡಿನ ಮದುವೆಯಲ್ಲಿ ನೋಡುವುದಕ್ಕಿಂತ ಕೇಳುವುದು ಹೆಚ್ಚು: ನಾಗಸ್ವರ, ಡೋಲು, ಮಂತ್ರ, ಹಸೆಯ ಹಾಡು, ಸೋಬಾನೆ, ಬೀಗರನ್ನು ಛೇಡಿಸುವ ಪದಗಳು, ಧಾರೆಯ ಹೊತ್ತಿನಲ್ಲಿ ತಾಯಿಯ ಬಿಕ್ಕು. ಫೋನು ಎತ್ತಿ ಹಿಡಿದ ಕೈಗಳು ಕಾಣುವುದನ್ನು ಉಳಿಸಿಕೊಳ್ಳಲು ಹೋಗಿ ಕೇಳುವುದನ್ನು ಕಳೆದುಕೊಳ್ಳುತ್ತಿವೆ. ಅಲ್ಲದೆ ವಧೂವರರ ಫೋಟೊ ತೆಗೆಯುವವರು ವಧೂವರರಲ್ಲ. ಆರಿಸಿ ನೋಡುವ ಲಾಭ ಕ್ಯಾಮೆರಾದವನಿಗೆ ಸಿಗುತ್ತದೆ. ಮದುಮಗಳ ಪಾಲಿಗೆ ಉಳಿಯುವುದು ಅವನ ಸೂಚನೆಗಳು.

ಮಂಟಪದ ವ್ಯವಸ್ಥೆಯೇ ಈ ಸೂಚನೆಗಳಿಗೆ ತಕ್ಕಂತೆ ಬದಲಾಗಿದೆ. ಫಿಲ್ಮ್ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ. ಛಾಯಾಗ್ರಾಹಕ ಯೋಚಿಸಿ ಒತ್ತುತ್ತಿದ್ದ, ಮಿಕ್ಕ ಹೊತ್ತು ಪಕ್ಕಕ್ಕೆ ನಿಲ್ಲುತ್ತಿದ್ದ. ಈಗ ಮಾಂಗಲ್ಯಧಾರಣೆಯ ವೇಳೆ ಮಂಟಪದ ಮೂರು ದಿಕ್ಕಿಗೂ ಕ್ಯಾಮೆರಾಗಳು, ಮೇಲೆ ಡ್ರೋನ್, ಎದುರಿಗೆ ಕ್ರೇನ್. ಅಕ್ಷತೆ ಹಿಡಿದು ಕೂತ ಬಂಧುಗಳಿಗೆ ಕಾಣುವುದು ಕ್ಯಾಮೆರಾದವರ ಬೆನ್ನು ಮಾತ್ರ. ಗಂಟು ಹಾಕಿದ ಕೈಯನ್ನು ‘ಇನ್ನೊಂದ್ಸಲ ಸರ್’ ಎಂದು ನಿಲ್ಲಿಸುವುದು, ಪುರೋಹಿತರನ್ನು ತಡೆಯುವುದು, ಧಾರೆಯ ನೀರನ್ನು ಬೆಳಕಿಗಾಗಿ ಮತ್ತೆ ಸುರಿಸುವುದು ಅನೇಕ ಛತ್ರಗಳಲ್ಲಿ ನಡೆಯುತ್ತದೆ. ಮತ್ತೆ ಬಾರದ ಗಳಿಗೆಯೆಂದು ಸಾರಿದವರೇ ಅದನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದಾರೆ. ಆರತಕ್ಷತೆಯಲ್ಲಿ ದೂರದೂರಿಂದ ಬಂದ ನೆಂಟ ಸಾಲಿನಲ್ಲಿ ನಿಂತು, ವೇದಿಕೆ ಹತ್ತಿ, ಫೋಟೊಗೆ ಮುಖ ಕೊಟ್ಟು, ಒಂದು ಮಾತೂ ಆಡದೆ ಇಳಿದುಹೋಗುತ್ತಾನೆ. ಮದುವೆಗೂ ಮೊದಲೇ ನಂದಿಬೆಟ್ಟದಲ್ಲೋ ಹಂಪಿಯ ಬಂಡೆಗಳ ನಡುವೆಯೋ ಪ್ರೀ ವೆಡ್ಡಿಂಗ್ ಚಿತ್ರೀಕರಣ ಮುಗಿದಿರುತ್ತದೆ. ಜೊತೆಯಾಗಿ ಬಾಳುವ ಮೊದಲು ಜೊತೆಯಾಗಿ ನಟಿಸುವ ಅಭ್ಯಾಸ ಆಗಿರುತ್ತದೆ. 2024ರ ಫೆಬ್ರವರಿಯಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಗುತ್ತಿಗೆ ವೈದ್ಯರೊಬ್ಬರು ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಇಂಥ ಚಿತ್ರೀಕರಣ ನಡೆಸಿ ಸೇವೆಯಿಂದ ವಜಾಗೊಂಡರು. ಗಳಿಗೆಯನ್ನು ಅಪೂರ್ವವಾಗಿಸಬೇಕೆಂಬ ಒತ್ತಡ ಎಲ್ಲಿಯವರೆಗೆ ತಳ್ಳಬಲ್ಲದೆಂಬುದಕ್ಕೆ ಅದೊಂದೇ ಪ್ರಸಂಗ ಸಾಕು.

ಹಣದ ಲೆಕ್ಕ ಇದಕ್ಕಿಂತ ಕಠಿಣವಾದದ್ದು. 2016ರ ನವೆಂಬರ್‌ನಲ್ಲಿ, ದೊಡ್ಡ ನೋಟುಗಳು ರದ್ದಾಗಿ ಜನ ಬ್ಯಾಂಕುಗಳೆದುರು ಸಾಲುಗಟ್ಟಿದ್ದ ದಿನಗಳಲ್ಲೇ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಮಾಜಿ ಸಚಿವರೊಬ್ಬರ ಮನೆಯ ಮದುವೆ ವಿಜಯನಗರದ ವೈಭವವನ್ನು ನೆನಪಿಸುವ ಸೆಟ್‌ಗಳ ನಡುವೆ ನಡೆಯಿತು. ಉಳ್ಳವರ ಮಾತು ಅವರಿಗಿರಲಿ. ಆ ಸೆಟ್ಟಿನ ಸಣ್ಣ ನಕಲು ಹೋಬಳಿ ಮಟ್ಟದ ಕಲ್ಯಾಣ ಮಂಟಪದಲ್ಲಿ ಏಳುವಾಗ ಅದಕ್ಕೆ ಬಂಗಾರ ಅಡವಾಗುತ್ತದೆ, ಚೀಟಿ ಎತ್ತಲಾಗುತ್ತದೆ, ಕೈಸಾಲ ಬೆಳೆಯುತ್ತದೆ. ಮದುವೆಯ ಸಾಲ ತೀರಿಸಲಾಗದೆ ಗೌಡರ ಮನೆಗಳಲ್ಲಿ ಜೀತಕ್ಕೆ ನಿಂತವರ ನಾಡು ಇದು; ಜೀತಪದ್ಧತಿಯನ್ನು ಕಾನೂನು ರದ್ದುಮಾಡಿದ್ದು 1976ರಲ್ಲಿ, ಬಹಳ ಹಿಂದೇನಲ್ಲ. ಒಂದು ದಿನಕ್ಕಾಗಿ ಹತ್ತು ವರ್ಷ ಒತ್ತೆಯಿಡುವ ಅಭ್ಯಾಸ ಈಗ ಮಾಸಿಕ ಕಂತುಗಳ ರೂಪದಲ್ಲಿ ಬಂದಿದೆ. ಇಷ್ಟು ಖರ್ಚಿನಿಂದ ದಾಂಪತ್ಯವಾದರೂ ಗಟ್ಟಿಯಾಗುತ್ತದೆಯೇ? ಅಮೆರಿಕದಲ್ಲಿ ಮದುವೆಯಾದ 3,000ಕ್ಕೂ ಹೆಚ್ಚು ಮಂದಿಯನ್ನು ಸಮೀಕ್ಷಿಸಿ ಆಂಡ್ರ್ಯೂ ಫ್ರಾನ್ಸಿಸ್-ಟಾನ್ ಮತ್ತು ಹ್ಯೂಗೊ ಮಿಯಾಲೊನ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮದುವೆಯ ಖರ್ಚು ಹೆಚ್ಚಿದಷ್ಟೂ ದಾಂಪತ್ಯದ ಬಾಳಿಕೆ ಕಡಿಮೆಯಿರುವುದು ಕಂಡುಬಂತು. ಮದುವೆಗೆ ಬಂದವರ ಸಂಖ್ಯೆ ಹೆಚ್ಚಿದಲ್ಲಿ ಬಾಳಿಕೆಯೂ ಹೆಚ್ಚಿತ್ತು. ಖರ್ಚೇ ವಿಚ್ಛೇದನಕ್ಕೆ ಕಾರಣವೆಂದು ಇದರಿಂದ ಸಾಧಿಸಲಾಗದು. ಬೇರೆ ಸಮಾಜದ ಲೆಕ್ಕ ಇಲ್ಲಿಗೆ ನೇರವಾಗಿ ಅನ್ವಯಿಸುವುದೂ ಇಲ್ಲ. ಆದರೆ ಖರ್ಚು ಮಾಡಿದರೆ ಬಾಂಧವ್ಯ ಉಳಿಯುತ್ತದೆ ಎನ್ನುವವರ ಕೈಗೆ ಇದರಲ್ಲಿ ಏನೂ ಸಿಗುವುದಿಲ್ಲ.

ಅದಕ್ಕಿಂತ ಹತ್ತಿರದ ಪುರಾವೆ 2020ರದು. ಕೊರೋನಾ ಕಾಲದ ನಿಯಮಗಳಂತೆ ಮದುವೆಗೆ 50 ಮಂದಿಗಿಂತ ಹೆಚ್ಚು ಸೇರುವಂತಿರಲಿಲ್ಲ. ಕಾದಿರಿಸಿದ್ದ ಛತ್ರಗಳು ರದ್ದಾದವು, ಮನೆಯಂಗಳದಲ್ಲಿ ಚಪ್ಪರ ಬಿತ್ತು, ಮಾವಿನ ತೋರಣವೇ ಅಲಂಕಾರವಾಯಿತು. ಅಂದು ಮದುವೆಯಾದವರು ಇಂದು ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದಾರೆ. ಅವರ ದಾಂಪತ್ಯ ಅರೆಬರೆಯದೆಂದು ಹೇಳುವ ಧೈರ್ಯ ಯಾರಿಗಿದೆ? ಇಂದಿನ ನಂಬಿಕೆ ನಿಜವಾಗಿದ್ದರೆ ಅವರೆಲ್ಲ ಬದುಕಿನ ಮುಖ್ಯವಾದದ್ದನ್ನು ಕಳೆದುಕೊಂಡವರಾಗಬೇಕಿತ್ತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದವರು, ಜಾತಿ ಮೀರಿ ಮದುವೆಯಾಗಿ ಹೆತ್ತವರ ಆಶೀರ್ವಾದವಿಲ್ಲದೆ ಸಂಸಾರ ಹೂಡಿದವರು, ಗಡಿಯಲ್ಲೋ ಕೊಲ್ಲಿ ದೇಶದಲ್ಲೋ ದುಡಿಯುತ್ತ ಮಗಳ ನಾಮಕರಣಕ್ಕೆ ಬರಲಾಗದ ತಂದೆಯರು, ಇವರೆಲ್ಲರಿಗೂ ಈ ನಂಬಿಕೆ ಕೊಡುವುದು ಒಂದು ಕೊರತೆಯ ಭಾವವನ್ನಷ್ಟೆ. ನಾಮಕರಣ ತಪ್ಪಿದ ತಂದೆ ಮುಂದೆ ಹದಿನೈದು ವರ್ಷ ಆ ಹೆಸರು ಹಿಡಿದು ಮಗಳನ್ನು ಕರೆಯುತ್ತಾನೆ. ಆ ಕರೆಯೇ ಹೆಸರಿಗೆ ಜೀವ ಕೊಡುವುದು.

ಸೆರೆಹಿಡಿಯುವವರ ಪರವಾಗಿ ಒಂದು ಬಲವಾದ ಮಾತಿದೆ. ತೀರಿಹೋದ ಅಜ್ಜಿಯ ಮುಖ ನೋಡಬೇಕೆಂದಾಗ ಮದುವೆಯ ಫೋಟೊ ಸಿಕ್ಕರೆ ಆಗುವ ಸಮಾಧಾನ ಸಣ್ಣದಲ್ಲ. ಇದನ್ನು ಒಪ್ಪಲೇಬೇಕು. ಆದರೆ ಹಳೆಯ ಮನೆಗಳ ಗೋಡೆಯ ಮೇಲಿರುವ, ಸ್ಟುಡಿಯೊದ ಪರದೆಯೆದುರು ಬಿಗಿದುಕೊಂಡು ನಿಂತ ಗಂಡಹೆಂಡಿರ ಒಂದೇ ಒಂದು ಕಪ್ಪುಬಿಳುಪು ಚಿತ್ರ ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಅದರ ಬೆಲೆ ಬಂದದ್ದು ಆ ಇಬ್ಬರು ಮುಂದೆ ಬಾಳಿದ ಬಾಳಿನಿಂದ. ಯಾರೂ ಮತ್ತೆ ತೆರೆಯದ ಹಾರ್ಡ್ ಡಿಸ್ಕಿನಲ್ಲಿ ಸಾವಿರಾರು ಚಿತ್ರಗಳು ಬಿದ್ದಿದ್ದರೆ ಅಜ್ಜಿಯ ಮುಖ ಅವುಗಳ ನಡುವೆ ಹುದುಗಿಹೋಗುತ್ತದೆ. ಫೋಟೊ ಬೇಡವೆಂಬ ವಾದ ಇದಲ್ಲ. ಫೋಟೊ ತೆಗೆಯಲು ಮದುವೆ ನಡೆಸಬೇಡಿ ಎಂಬುದು ವಾದ.

ಇನ್ನೊಂದು ಸಮರ್ಥನೆ ತತ್ತ್ವದ ವೇಷದಲ್ಲಿ ಬರುತ್ತದೆ: ಎಲ್ಲವೂ ಕ್ಷಣಿಕ, ಆದ್ದರಿಂದ ಕ್ಷಣವನ್ನು ಪೂರ್ತಿ ಅನುಭವಿಸು. ಕ್ಷಣಿಕತೆಯನ್ನು ಆಳವಾಗಿ ಚಿಂತಿಸಿದ ಬೌದ್ಧರು ಇಂಥ ತೀರ್ಮಾನಕ್ಕೆ ಬರಲಿಲ್ಲ. ಧರ್ಮಕೀರ್ತಿಯ ಪರಂಪರೆಯ ತಾರ್ಕಿಕರಿಗೆ ಇರುವ ವಸ್ತುವೆಲ್ಲವೂ ಕ್ಷಣಿಕ. ಮದುವೆಯ ದಿನವೂ ಅಷ್ಟೇ, ಮಂಗಳವಾರದ ಮಧ್ಯಾಹ್ನವೂ ಅಷ್ಟೇ. ಹಾಗಿರುವಾಗ ಒಂದು ಗಳಿಗೆಯನ್ನು ಮಾತ್ರ ಎತ್ತಿ ಅದಕ್ಕೆ ಜೋತುಬೀಳಲು ಆ ವಾದದಲ್ಲಿ ಎಡೆಯೇ ಇಲ್ಲ. ಅಂಟಿಕೊಳ್ಳುವುದನ್ನು ಬಿಡಿಸಲೆಂದೇ ಅದು ಹುಟ್ಟಿದ್ದು.

ಬೇರೆ ದಾರಿಯನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ಕ್ರಮದಲ್ಲಿ, ಆಡಂಬರವಿಲ್ಲದೆ ನಡೆಸಿದರು. ಅಲ್ಲಿ ತೂಕವೆಲ್ಲ ವಧೂವರರು ಅರ್ಥ ತಿಳಿದು ಆಡುವ ಪ್ರತಿಜ್ಞೆಯ ಮೇಲೆ, ಅಂದರೆ ನಾಳೆಯಿಂದ ನಡೆಸಬೇಕಾದ ಬಾಳಿನ ಮೇಲೆ. ಆ ಕ್ರಮ ಇಂದಿಗೂ ನಾಡಿನಲ್ಲಿ ಬಳಕೆಯಲ್ಲಿದೆ. 1972ರಿಂದ ಧರ್ಮಸ್ಥಳದಲ್ಲಿ ನಡೆದುಬಂದ ಸಾಮೂಹಿಕ ವಿವಾಹಗಳಲ್ಲಿ ಸಾವಿರಾರು ಜೋಡಿಗಳು ಒಂದೇ ಮುಹೂರ್ತವನ್ನು ಪಕ್ಕದವರೊಂದಿಗೆ ಹಂಚಿಕೊಂಡು ಸಂಸಾರ ಹೂಡಿವೆ. ಗಳಿಗೆ ತಮ್ಮೊಬ್ಬರದೇ ಆಗಿರಲಿಲ್ಲವೆಂಬುದು ಅವರ ಬಾಳಿಗೆ ಕುಂದು ತಂದಿಲ್ಲ.

ಅಷ್ಟು ದೂರ ಹೋಗಲಾಗದ ಮನೆಗಳೂ ಮಾಡಬಹುದಾದದ್ದಿದೆ. ಅಂತರಪಟ ಸರಿಯುವುದರಿಂದ ಏಳನೆಯ ಹೆಜ್ಜೆಯವರೆಗೆ ಕ್ಯಾಮೆರಾದವರನ್ನು ಮಂಟಪದಿಂದ ಕೆಳಗಿಳಿಸಲಿ. ಒಬ್ಬ ಛಾಯಾಗ್ರಾಹಕ ದೂರದಿಂದ ತೆಗೆಯುವುದು ಸಾಕು. ಬಂದವರೆಲ್ಲ ಫೋನು ಒಳಗಿಟ್ಟು ಕೈಯಲ್ಲಿ ಅಕ್ಷತೆ ಹಿಡಿಯಲಿ. ಸೆಟ್ಟಿಗೆ ಸುರಿಯುವ ಹಣವನ್ನು ಹೊಸ ಸಂಸಾರದ ಬಾಡಿಗೆ ಮುಂಗಡಕ್ಕೆ, ಪಾತ್ರೆ ಪಡಗಕ್ಕೆ ಕೊಡಲಿ. ಮಾಘ, ಫಾಲ್ಗುಣಗಳಿಗೆ ಛತ್ರ ಕಾದಿರಿಸಲು ಹೊರಟಿರುವ ಹೆತ್ತವರು ಮುಂಗಡ ಕೊಡುವ ಮೊದಲು ಮಕ್ಕಳನ್ನು ಕೂರಿಸಿಕೊಂಡು ಈ ಮಾತು ಆಡಬೇಕು.